ನಂದಿನಿ ಲೇಔಟ್‌ನ ಕಂಪ್ಯೂಟರಿಗೆ ಎಸ್.ಪಿ. ರೋಡಿನ ಪ್ರೊಸೆಸರ್

ನಂದಿನಿ ಲೇಔಟ್ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆ. ಒಂದು ಮಗ್ಗುಲಿಗೆ ಮಹಾಲಕ್ಷ್ಮಿ ಲೇಔಟ್, ಇನ್ನೊಂದು ಮಗ್ಗುಲಿಗೆ ಹೊರವರ್ತುಲ ರಸ್ತೆ, ಅದರಾಚೆ ಲಗ್ಗೆರೆ, ಪೀಣ್ಯ. ಹೊರಗಿನವರಿಗೆ ಗುರುತು ಹೇಳಲು ರಿಂಗ್ ರೋಡಿನ ಕಂಠೀರವ ಸ್ಟುಡಿಯೊ, ಅಲ್ಲಿನ ಡಾ. ರಾಜಕುಮಾರ್ ಸಮಾಧಿ ಎಂದರೆ ಸಾಕು. ತಿಂಗಳ ಸಂಬಳದಲ್ಲಿ ನಡೆಯುವ ಇಂಥ ಬಡಾವಣೆಯ ಮನೆಗಳಿಗೆ ಗೇಮಿಂಗ್ ಕಂಪ್ಯೂಟರ್ ಇಡಿಯಾಗಿ ಬರುವುದು ಕಡಿಮೆ. ಓದಿಗೆಂದು ಒಂದು ಡೆಸ್ಕ್‌ಟಾಪ್ ಬರುತ್ತದೆ, ಆಮೇಲೆ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್, ಇನ್ನಷ್ಟು ದಿನ ಬಿಟ್ಟು ಒಂದು ಎಸ್‌ಎಸ್‌ಡಿ. ಪ್ರೊಸೆಸರ್‌ನ ಸರದಿ ಬರುವುದು ಕೊನೆಗೆ. ಆಗ ಹೋಗುವ ಜಾಗ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡ್. ಆದರೆ ಯಾವ ಪ್ರೊಸೆಸರ್ ಎಂಬುದು ಅಲ್ಲಿನ ಕೌಂಟರಿನಲ್ಲಿ ತೀರ್ಮಾನವಾಗುವ ಸಂಗತಿಯಲ್ಲ. ಮನೆಯಲ್ಲಿರುವ ಮದರ್‌ಬೋರ್ಡ್ ಅದನ್ನು ಬಹುಮಟ್ಟಿಗೆ ಮೊದಲೇ ತೀರ್ಮಾನಿಸಿರುತ್ತದೆ.

ಆಟ ತಡವರಿಸಿತೆಂದು ಪ್ರೊಸೆಸರ್ ಮೇಲೆಯೇ ತಪ್ಪು ಹೊರಿಸುವಂತಿಲ್ಲ. ಪರೀಕ್ಷೆ ಸುಲಭ: ಆಟದ ರೆಸಲ್ಯೂಷನ್ ಅನ್ನು 1080ರಿಂದ 720ಕ್ಕೆ ಇಳಿಸಬೇಕು. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಏರಿದರೆ ಅಡ್ಡಿ ಗ್ರಾಫಿಕ್ಸ್ ಕಾರ್ಡಿನದು. ಇದ್ದಲ್ಲೇ ಇದ್ದರೆ ಪ್ರೊಸೆಸರ್‌ನದು. ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು ಎಂಬ ಲೆಕ್ಕ ಪ್ರೊಸೆಸರ್ ಮಾಡುವಂಥದ್ದು. ಪರದೆಯಲ್ಲಿ ಚುಕ್ಕೆ ಎಷ್ಟಿದ್ದರೂ ಆ ಲೆಕ್ಕ ಬದಲಾಗುವುದಿಲ್ಲ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2ರಂಥ ಆಟಗಳು ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುತ್ತವೆ. ಒಬ್ಬರೇ ಆಡುವ ಚಿತ್ರವೈಭವದ ಆಟಗಳಲ್ಲಿ ಭಾರ ಕಾರ್ಡಿನ ಮೇಲೆ ಬೀಳುತ್ತದೆ. ಇನ್ನೊಂದನ್ನೂ ನೋಡಿಕೊಳ್ಳಬೇಕು. ಒಂದೇ ರ‍್ಯಾಮ್ ಕಡ್ಡಿಯಲ್ಲಿ ಓಡುವ ಕಂಪ್ಯೂಟರಿಗೆ ಅದೇ ಅಳತೆಯ ಎರಡನೇ ಕಡ್ಡಿ ಹಾಕಿದರೆ ಎರಡೂ ಚಾನೆಲ್ ತೆರೆದುಕೊಳ್ಳುತ್ತವೆ. ಕೆಲವರ ತೊಂದರೆ ಅಷ್ಟಕ್ಕೇ ತೀರುತ್ತದೆ.

ತಪ್ಪು ಪ್ರೊಸೆಸರ್‌ನದೇ ಎಂದು ಖಚಿತವಾದ ಮೇಲೆ ಮದರ್‌ಬೋರ್ಡಿನ ಹೆಸರು ತಿಳಿಯಬೇಕು. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದರೆ ಬೋರ್ಡಿನ ಮೇಲೆಯೂ ಅಚ್ಚಾಗಿರುತ್ತದೆ. ಎ320, ಬಿ350, ಬಿ450, ಬಿ550 ಎಂದಿದ್ದರೆ ಮನೆಯವರು ಅದೃಷ್ಟವಂತರು. ಇವು ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಬೋರ್ಡುಗಳು. 2017ರ ಮಾರ್ಚಿನಲ್ಲಿ ಮೊದಲ ರೈಜನ್ ಜೊತೆ ಜನಪ್ರಿಯವಾದ ಈ ಸಾಕೆಟ್ಟಿಗೆ 2024ರಲ್ಲೂ ಹೊಸ ಪ್ರೊಸೆಸರ್ ಬಂತು. ಕಂಪ್ಯೂಟರ್ ಪೇಟೆಯಲ್ಲಿ ಒಂದು ಸಾಕೆಟ್ ಇಷ್ಟು ಕಾಲ ಬಾಳುವುದು ಅಪರೂಪವೇ. ರೈಜನ್ 5 1600 ಅಥವಾ 2600 ಇದ್ದ ಜಾಗಕ್ಕೆ 2022ರಲ್ಲಿ ಬಂದ ರೈಜನ್ 5 5600 ಹಾಕಿದರೆ ಕೋರ್ ಆರೇ, ಥ್ರೆಡ್ ಹನ್ನೆರಡೇ. ಆದರೂ ಆಟದಲ್ಲಿ ಅಂತರ ಎದ್ದು ಕಾಣುತ್ತದೆ, ಏಕೆಂದರೆ ಒಂದೊಂದು ಕೋರ್ ಮಾಡುವ ಕೆಲಸವೇ ಹೆಚ್ಚಾಗಿದೆ. ಆಟಕ್ಕೆ ಬೇಕಾದದ್ದು ಬಹಳ ಕೋರ್‌ಗಳಲ್ಲ, ಚುರುಕಾದ ಆರು ಕೋರ್.

ಇದೇ ಸಾಕೆಟ್ಟಿನ ರೈಜನ್ 5 5500 ಮತ್ತು 5600 ಹೆಸರಿನಲ್ಲಿ ನೂರರ ಅಂತರದವು; ಒಳಗಿನ ಅಂತರ ದೊಡ್ಡದು. 5600ರಲ್ಲಿ ಎಲ್3 ಕ್ಯಾಶ್ 32 ಎಂಬಿ, 5500ರಲ್ಲಿ 16. ಕ್ಯಾಶ್ ಎಂದರೆ ಪ್ರೊಸೆಸರ್ ಕೈಯಳತೆಯಲ್ಲೇ ಇಟ್ಟುಕೊಳ್ಳುವ ಸ್ಮರಣೆ. ಬೇಕಾದ ದತ್ತಾಂಶ ಅಲ್ಲಿ ಸಿಕ್ಕಿದರೆ ರ‍್ಯಾಮ್‌ವರೆಗೆ ಹೋಗಿ ಕಾಯುವುದು ತಪ್ಪುತ್ತದೆ. 5600ಕ್ಕೆ ಕಾರ್ಡಿನೊಡನೆ ಮಾತಾಡುವ ವೇಗದ ಮಾರ್ಗ ಪಿಸಿಐಇ 4 ಇದೆ, 5500ಕ್ಕೆ ಇಲ್ಲ ಎಂದು ಅಂಗಡಿಯವರು ಹೇಳುವುದು ನಿಜ. ಆದರೆ ಬಿ450 ಬೋರ್ಡ್ ಪಿಸಿಐಇ 3 ಮಾತ್ರ ಕೊಡುವುದರಿಂದ ಅಂಥ ಮನೆಗಳಿಗೆ ಆ ಮಾತಿನಿಂದ ಉಪಯೋಗವಿಲ್ಲ. ಕೊಡುವ ಹೆಚ್ಚುವರಿ ಹಣ ಕ್ಯಾಶ್‌ಗೇ. ಕ್ಯಾಶನ್ನು 96 ಎಂಬಿಗೆ ಏರಿಸಿದ 5800ಎಕ್ಸ್3ಡಿ, 5700ಎಕ್ಸ್3ಡಿ ಈ ಸಾಕೆಟ್ಟಿನ ಶಿಖರ. ಕಡಿಮೆ ಬಜೆಟ್ಟಿನ ಮಾತು ಅಲ್ಲಿಗೆ ಮುಗಿಯುತ್ತದೆ.

ಇಂಟೆಲ್ ಬೋರ್ಡ್ ಇದ್ದವರ ದಾರಿ ಇಷ್ಟು ಉದ್ದವಿಲ್ಲ. ಆ ಕಂಪನಿ ಸಾಮಾನ್ಯವಾಗಿ ಎರಡು ಪೀಳಿಗೆಗೊಮ್ಮೆ ಸಾಕೆಟ್ ಬದಲಿಸುತ್ತ ಬಂದಿದೆ. ಆರನೇ, ಏಳನೇ ಪೀಳಿಗೆಯ ಬೋರ್ಡಿಗೆ ಎಂಟನೆಯದನ್ನು ಹಾಕುವಂತಿಲ್ಲ, ಸಾಕೆಟ್ಟಿನ ಹೆಸರು 1151 ಎಂದು ಒಂದೇ ಇದ್ದರೂ! ಹತ್ತನೇ ಪೀಳಿಗೆಯ ಎಚ್410, ಬಿ460 ಬೋರ್ಡುಗಳೂ ಹನ್ನೊಂದನೆಯದನ್ನು ಒಪ್ಪುವುದಿಲ್ಲ. ಹೊರತಾಗಿರುವುದು 1700 ಸಾಕೆಟ್. 2021ರ ಕೊನೆಯಿಂದ ಹನ್ನೆರಡು, ಹದಿಮೂರು, ಹದಿನಾಲ್ಕನೇ ಪೀಳಿಗೆಗಳು ಮೂರೂ ಅದರಲ್ಲೇ ಬಂದವು. ಹಳೆಯ ಬೋರ್ಡನ್ನು ಬಿಟ್ಟುಬಿಡಲೇಬೇಕಾದವರಿಗೆ ಐ5-12400ಎಫ್ ಮತ್ತು ಡಿಡಿಆರ್4 ಹಿಡಿಸುವ ಬಿ660 ಅಥವಾ ಎಚ್610 ಬೋರ್ಡ್ ಮಿತವ್ಯಯದ ಜೋಡಿ. ಇದ್ದ ರ‍್ಯಾಮ್ ಡಿಡಿಆರ್4 ಆಗಿದ್ದರೆ ಅದೂ ಉಳಿಯುತ್ತದೆ. ಇನ್ನೂ ಇಳಿಯಬೇಕೆಂದರೆ ನಾಲ್ಕು ಕೋರ್‌ನ ಐ3-12100ಎಫ್ ಇದೆ. ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಕಾರ್ಡ್ ಕೆಟ್ಟ ದಿನ ಪರದೆಯೂ ಕತ್ತಲು. ಹದಿಮೂರು, ಹದಿನಾಲ್ಕನೇ ಪೀಳಿಗೆಯ ಮೇಲ್ದರ್ಜೆಯ ಚಿಪ್‌ಗಳು ವೋಲ್ಟೇಜ್ ಏರಿ ಅಸ್ಥಿರವಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಪೀಳಿಗೆಗಳ ಸೆಕೆಂಡ್ ಹ್ಯಾಂಡ್ ಐ7, ಐ9 ಅಗ್ಗಕ್ಕೆ ಸಿಕ್ಕರೂ ಬಿಡುವುದು ಮೇಲು.

ಎಎಂಡಿಯ ಹೊಸ ಎಎಂ5 ಸಾಕೆಟ್ 2022ರ ಸೆಪ್ಟೆಂಬರ್‌ನದು. ಅದಕ್ಕೆ ಡಿಡಿಆರ್5 ರ‍್ಯಾಮೇ ಆಗಬೇಕು; ಎಂದರೆ ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ಹೊಸದು. 2025ರ ಕೊನೆಯಲ್ಲಿ ಎಐ ದತ್ತಾಂಶ ಕೇಂದ್ರಗಳ ಬೇಡಿಕೆಗೆ ಮೆಮೊರಿ ಬೆಲೆ ಜಿಗಿದ ಮೇಲಂತೂ ಈ ದಾರಿ ಇನ್ನಷ್ಟು ದುಬಾರಿಯಾಯಿತು.

ಬದಲಾವಣೆಗೆ ಆಟವಲ್ಲದ ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಒಪ್ಪುವುದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ, ರೈಜನ್‌ನಲ್ಲಿ 2000 ಸರಣಿಯಿಂದ ಮೇಲಿನವನ್ನು. ರೈಜನ್ 1600 ಇಟ್ಟುಕೊಂಡವರಿಗೆ ಪ್ರೊಸೆಸರ್ ಬದಲಿಸಲು ಆಟಕ್ಕಿಂತ ಇದೇ ದೊಡ್ಡ ಕಾರಣವಾದೀತು.

ನಂದಿನಿ ಲೇಔಟ್‌ನಿಂದ ಎಸ್.ಪಿ. ರೋಡಿಗೆ ಹೋಗಲು ಗೊರಗುಂಟೆಪಾಳ್ಯ ಅಥವಾ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆಯವರೆಗೆ ಒಂದೇ ರೈಲು. 2017ರ ಜೂನ್‌ನಲ್ಲಿ ಸಂಪಿಗೆ ರಸ್ತೆಯಿಂದಾಚೆಯ ಸುರಂಗ ಮಾರ್ಗ ತೆರೆದಾಗಿನಿಂದ ಈ ಅನುಕೂಲ. ಅಲ್ಲಿಂದ ಅವೆನ್ಯೂ ರಸ್ತೆ ದಾಟಿ ನಡೆದರೆ ಟೌನ್‌ಹಾಲ್ ಕಡೆಯ ಸಾದರ್ ಪತ್ರಪ್ಪ ರಸ್ತೆ, ಅದೇ ಎಸ್.ಪಿ. ರೋಡ್. ಪೂರ್ತಿ ಹೆಸರನ್ನು ಬಳಸುವವರು ಕಡಿಮೆ. ಕೆಳಗಿನ ಅಂಗಡಿಗಳಲ್ಲಿ ಕೇಬಲ್, ಕೀಬೋರ್ಡ್. ಕಿರಿದಾದ ಮೆಟ್ಟಿಲು ಹತ್ತಿದರೆ ಪ್ರೊಸೆಸರ್, ಬೋರ್ಡು. ಒಳಗಲ್ಲಿಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ಮತ್ತು ರಿಪೇರಿ. ಭಾನುವಾರ ಹೆಚ್ಚಿನ ಬಾಗಿಲುಗಳು ಮುಚ್ಚಿರುತ್ತವೆ.

ಒಂದೇ ಪ್ರೊಸೆಸರ್‌ಗೆ ಇಲ್ಲಿ ಎರಡು ದರ ಕೇಳಿಸುವುದುಂಟು, ಬಾಕ್ಸ್ ಪೀಸ್ ಒಂದು, ಪೆಟ್ಟಿಗೆಯಿಲ್ಲದ ಟ್ರೇ ಪೀಸ್ ಇನ್ನೊಂದು. ಬಾಕ್ಸ್‌ಗೆ ಕಂಪನಿಯದೇ ಮೂರು ವರ್ಷದ ವಾರಂಟಿ. 5600ರ ಬಾಕ್ಸ್‌ನಲ್ಲಿ ಕೂಲರ್ ಕೂಡ ಇರುತ್ತದೆ. ಟ್ರೇಗೆ ಅಂಗಡಿಯವರ ಮಾತೇ ವಾರಂಟಿ. ಹೇಳಿದ ದರ ಶೇ 18ರ ಜಿಎಸ್‌ಟಿ ಸೇರಿದ್ದೋ ಅಲ್ಲವೋ ಕೇಳಿಕೊಳ್ಳಬೇಕು. ಸೀರಿಯಲ್ ನಂಬರ್ ಬರೆದ ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ಸೆಕೆಂಡ್ ಹ್ಯಾಂಡ್ ಎಎಂ4 ಚಿಪ್ಪಿನ ಅಡಿಯಲ್ಲಿ 1331 ಪಿನ್‌ಗಳಿವೆ. ಚಿಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ಹಿಡಿದರೆ ಸಾಲು ತಪ್ಪಿದ ಪಿನ್ ತಾನಾಗಿ ಕಾಣುತ್ತದೆ. ಇಂಟೆಲ್‌ನ ಪಿನ್‌ಗಳಿರುವುದು ಬೋರ್ಡಿನಲ್ಲಿ; ಅಲ್ಲಿ ನೋಡಬೇಕಾದದ್ದು ಸಾಕೆಟ್. ರೈಜನ್ 5000ದ ಲೋಹದ ಮುಚ್ಚಳದ ಮೇಲೆ ಅದು ತಯಾರಾದ ದೇಶಗಳ ಹೆಸರೂ ಇರುತ್ತದೆ. ಅವುಗಳಲ್ಲಿ ಭಾರತವಿಲ್ಲ. ನಿಜ, ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಅದರಿಂದ ಎಸ್.ಪಿ. ರೋಡಿನಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ, ಚಿಪ್ ಬರುವುದು ಆಮದಾಗಿಯೇ.

ಕೊಂಡು ತಂದದ್ದನ್ನು ಕೂರಿಸುವ ಮೊದಲು, ಹಳೆಯ ಪ್ರೊಸೆಸರ್ ಇರುವಾಗಲೇ, ಬೋರ್ಡನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಮಾಡಬೇಕು. ಹಳೆಯ ಬಯಾಸ್‌ಗೆ ಹೊಸ ಚಿಪ್ಪಿನ ಪರಿಚಯವಿರುವುದಿಲ್ಲ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು, ಹಾಗಾಗಿ ಯುಪಿಎಸ್ ಇರಲಿ. ಮಳೆ ಗುಡುಗಿನ ಸಂಜೆ ಬೇಡ. ಎಎಂ4ನಲ್ಲಿ ಕೂಲರನ್ನು ನೇರ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿದ ಪ್ರೊಸೆಸರ್ ಪಿನ್ ಸಮೇತ ಕಿತ್ತು ಬರಬಹುದು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಬಿಸಿ ಇರುವಾಗ ಆರಿಸಿ, ಕೂಲರನ್ನು ಅತ್ತಿತ್ತ ತಿರುಚಿ ಬಿಡಿಸಬೇಕು. ಚಿಪ್ಪಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿದರೆ ಅದು ತನ್ನ ತೂಕದಲ್ಲೇ ಕೂರುತ್ತದೆ, ಒತ್ತುವ ಅಗತ್ಯವಿಲ್ಲ.

ಮೊದಲ ಸಲ ಆನ್ ಮಾಡಿದಾಗ ಹೊಸ ಪ್ರೊಸೆಸರ್ ಕಂಡಿದೆ, ಭದ್ರತೆಯ ಕೀಗಳನ್ನು ಕಾಯುವ ಎಫ್‌ಟಿಪಿಎಂ ಮರುಹೊಂದಿಸಬೇಕೆ ಎಂದು ಎಎಂಡಿ ಬೋರ್ಡುಗಳು ಕೇಳುವುದುಂಟು. ಬಿಟ್‌ಲಾಕರ್ ಬೀಗ ಇರುವ ಡಿಸ್ಕ್ ಆಗಿದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ಕೈಗೆ ಸಿಗುವುದಿಲ್ಲ. ಬೀಗವಿಲ್ಲದವರು ‘ವೈ’ ಒತ್ತಿದರೆ ವಿಂಡೋಸ್ ಎಂದಿನಂತೆ ತೆರೆದುಕೊಳ್ಳುತ್ತದೆ.