ಹೋದ ಹಲ್ಲಿಗೆ ಬದಲಿ ಯಾವುದು?

'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆಯಲ್ಲಿ ತಿನಿಸಿನ ಚಿಂತೆಯುಂಟು, ನುಡಿಯ ಚಿಂತೆಯಿಲ್ಲ. ತ, ಥ, ದ, ಧ, ನ ಎಂಬ ಐದು ಅಕ್ಷರಗಳಿಗೆ ವೈಯಾಕರಣರು ದಂತ್ಯಗಳೆಂದು ಹೆಸರಿಟ್ಟಿದ್ದಾರೆ. ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ತಾಗಿದ ಹೊರತು ಅವು ಸ್ಫುಟವಾಗಿ ಹೊರಡವು. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಈ ಪಾಠದ ಅರ್ಥ ನನಗೆ ತಿಳಿದದ್ದು ಸೊರಬ ತಾಲ್ಲೂಕಿನ ನಮ್ಮ ಸೋದರಮಾವನಿಂದ.

ಮಾವ ಅಡಿಕೆ ತೋಟದವರು. ಮಳೆಗಾಲದ ಸಂಜೆಗಳಲ್ಲಿ ಅವರ ಜಗಲಿಯ ಮೇಲೆ ಕುಮಾರವ್ಯಾಸ ಭಾರತದ ವಾಚನ ತಪ್ಪುತ್ತಿರಲಿಲ್ಲ. ಮೇಲಿನ ನಾಲ್ಕು ಬಾಚಿಹಲ್ಲುಗಳು ಬಿದ್ದ ವರ್ಷ ವಾಚನ ನಿಂತಿತು; ಮದುವೆಮನೆಗಳಿಗೆ ಹೋಗುವುದೂ ನಿಂತಿತು. ಮಾತನಾಡುವಾಗ ವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವುದು ರೂಢಿಯಾಯಿತು. 'ದುಡ್ಡು ಎಷ್ಟಾದರೂ ಆಗಲಿ, ಇಂಪ್ಲಾಂಟ್ ಹಾಕಿಸಿಬಿಡೋಣ' ಎಂದು ನಾನು ಅವರನ್ನು ಶಿಕಾರಿಪುರದ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದೆ.

ವೈದ್ಯರು ಮೂರು ದಾರಿಗಳನ್ನು ವಿವರಿಸಿದರು. ಮೊದಲನೆಯದು ತೆಗೆದು ಹಾಕುವ ಹಲ್ಲು ಸೆಟ್ಟು. ಬೆಲೆ ಕಡಿಮೆ, ಶಸ್ತ್ರಕ್ರಿಯೆಯಿಲ್ಲ. ಆದರೆ ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ದವಡೆಯ ಮೂಳೆ ಕಾಲಕ್ರಮದಲ್ಲಿ ಸವೆಯುವುದರಿಂದ ಸೆಟ್ಟು ಸಡಿಲವಾಗಿ, ಮತ್ತೆ ಸರಿಪಡಿಸಬೇಕಾಗಬಹುದು.

ಎರಡನೆಯದು ಬ್ರಿಡ್ಜ್. ಅಕ್ಕಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಅವುಗಳಿಗೆ ತೊಡಿಸಿದ ಕ್ಯಾಪುಗಳ ನಡುವೆ ಕೃತಕ ಹಲ್ಲನ್ನು ಸೇತುವೆಯಂತೆ ನಿಲ್ಲಿಸುವುದು. ಬಾಯಿಯಲ್ಲಿ ಸ್ಥಿರವಾಗಿರುತ್ತದೆ, ಆದರೆ ಹೊರೆ ಹೊರುವ ಹಲ್ಲುಗಳು ಗಟ್ಟಿಯಾಗಿರಬೇಕು. ಒಳ್ಳೆಯ ಹಲ್ಲನ್ನು ಒಮ್ಮೆ ಉಜ್ಜಿದರೆ ಅದು ಮೊದಲಿನಂತಾಗದು.

ಮೂರನೆಯದು ಇಂಪ್ಲಾಂಟ್. ಟೈಟಾನಿಯಂ ತಿರುಪನ್ನು ದವಡೆಯ ಮೂಳೆಯೊಳಗೆ ಕೂರಿಸಿ, ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಮೂಳೆ ಅದನ್ನು ಹಿಡಿದುಕೊಂಡ ಮೇಲೆ ಹಲ್ಲು ಜೋಡಿಸುತ್ತಾರೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬವರು 1965ರಲ್ಲಿ ಮೊದಲ ರೋಗಿಗೆ ಈ ಬಗೆಯ ಚಿಕಿತ್ಸೆ ನೀಡಿದರು. ಪಕ್ಕದ ಹಲ್ಲುಗಳಿಗೆ ಬಾಧೆಯಿಲ್ಲ. ಖರ್ಚು ಮಾತ್ರ ಎಲ್ಲಕ್ಕಿಂತ ಹೆಚ್ಚು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಧೂಮಪಾನ, ಒಸಡಿನ ರೋಗ ಇವು ಅದರ ಶತ್ರುಗಳು.

ಬಳಿಕ ವೈದ್ಯರು ಮಾವನ ಬಾಯಿ ತೆರೆಸಿದರು. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಎರಡೇ ಹಿಡಿಸಿದವು. ಕೆನ್ನೆಯ ಒಳಭಾಗ ಬಿಳಿಚಿ ಬಿಗಿದಿತ್ತು. ನಲವತ್ತು ವರ್ಷಗಳ ಕವಳದ ಫಲ ಅದು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯೊಂದೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿತೆಂದು ಅವರು ಹೇಳಿದರು.

'ತೋಟದವನಿಗೇ ಅಡಿಕೆ ಬಿಡು ಅಂತೀರಲ್ಲ, ಡಾಕ್ಟ್ರೇ!' ಎಂದರು ಮಾವ.

'ಬೆಳೆಯಿರಿ, ಮಾರಿರಿ. ಬಾಯಿಗೆ ಮಾತ್ರ ಹಾಕಬೇಡಿ. ಅದನ್ನು ಬಿಡದೆ ಯಾವ ಹಲ್ಲು ಹಾಕಿದರೂ ಪ್ರಯೋಜನ ಕಡಿಮೆ' ಎಂದರು ವೈದ್ಯರು.

ಸಕ್ಕರೆ ಹತೋಟಿಯಲ್ಲಿರಲಿಲ್ಲ, ಆದ್ದರಿಂದ ಇಂಪ್ಲಾಂಟ್ ಬೇಡವೆಂದಾಯಿತು. ಕೋರೆಹಲ್ಲುಗಳು ಅಲುಗುತ್ತಿದ್ದುದರಿಂದ ಬ್ರಿಡ್ಜೂ ಬೇಡವೆಂದಾಯಿತು. ನಾನು ಅಗ್ಗದ್ದೆಂದು ತಳ್ಳಿಹಾಕಿದ್ದ ಸೆಟ್ಟೇ ಅವರಿಗೆ ಯೋಗ್ಯವಾಗಿ ತೋರಿತು. ದುಬಾರಿಯಾದುದೇ ಉತ್ತಮವೆಂಬ ನನ್ನ ತಿಳಿವಳಿಕೆ ಅಂದು ಕಳಚಿತು.

ಓದುಗರು ನೆನಪಿಡಬೇಕಾದುದು ಇಷ್ಟು. ಹೋದ ಹಲ್ಲಿನ ಜಾಗವನ್ನು ವರ್ಷಗಟ್ಟಲೆ ಖಾಲಿ ಬಿಟ್ಟರೆ ಪಕ್ಕದ ಹಲ್ಲು ಅತ್ತ ವಾಲಬಹುದು, ಎದುರಿನ ಹಲ್ಲು ಉದ್ದಕ್ಕಿಳಿಯಬಹುದು. ಬುದ್ಧಿಹಲ್ಲಿಗೆ ಮಾತ್ರ ಸಾಮಾನ್ಯವಾಗಿ ಬದಲಿ ಬೇಕಿಲ್ಲ. ವೈದ್ಯರನ್ನು ಬೆಲೆಯೊಂದನ್ನೇ ಕೇಳದೆ, 'ಎಷ್ಟು ಕಾಲ ಬಾಳುತ್ತದೆ? ಪಕ್ಕದ ಹಲ್ಲಿನ ಗತಿಯೇನು? ಮುಂದೆ ರಿಪೇರಿ ಉಂಟೇ?' ಎಂದೂ ಕೇಳಿರಿ. ಬಡ ಕುಟುಂಬಗಳ ಹಿರಿಯರಿಗೆಂದು ರಾಜ್ಯ ಸರ್ಕಾರ 'ದಂತಭಾಗ್ಯ' ಯೋಜನೆಯನ್ನು ರೂಪಿಸಿದ್ದುಂಟು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದಲ್ಲಿ ಅನಾಥ ರೋಗಿಗಳಿಗೆ ಔಷಧೋಪಚಾರವಿತ್ತೆಂದು 1162ರ ಶಾಸನ ಸಾರುತ್ತದೆ. ಅಂಥ ನೆಲದಲ್ಲಿ ಕೈಬರಿದಾದವರು ಚಿಕಿತ್ಸೆ ಕೇಳಲು ನಾಚಬೇಕಾಗಿಲ್ಲ.

ಸೆಟ್ಟು ಬಂದ ಮೊದಲ ವಾರ ಮಾವನಿಗೆ ಬಾಯ್ತುಂಬ ಜೊಲ್ಲು, ಮಾತು ತೊದಲು. 'ಗಟ್ಟಿಯಾಗಿ ಓದುತ್ತ ಹೋಗಿ' ಎಂದಿದ್ದರು ವೈದ್ಯರು. ಕಳೆದ ಶ್ರಾವಣದಲ್ಲಿ ನಾನು ಹೋದಾಗ ಜಗಲಿಯ ಮೇಲೆ ಚಾಪೆ ಹಾಸಿತ್ತು, ಕವಳದ ತಟ್ಟೆ ಇರಲಿಲ್ಲ. ಮಾವ ಭಾರತವನ್ನು ಬಿಚ್ಚಿ ಕುಳಿತಿದ್ದರು. ಅತ್ತೆ ಒಳಗಿನ ಕೆಲಸ ಬಿಟ್ಟು ಬಾಗಿಲಿಗೆ ಒರಗಿ ಕೇಳುತ್ತಿದ್ದರು.