ವಿಮಾನದ ಸಂಗೀತಕ್ಕೂ ಬೆಲೆಯುಂಟು

ವಿಮಾನವೇರಿದ ಪ್ರಯಾಣಿಕರು ಆಸನ ಹುಡುಕುವಾಗ ಕೇಳಿಬರುವ ಮೆಲುಸಂಗೀತಕ್ಕೆ ಕಿವಿಗೊಡುವವರು ವಿರಳ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಅದು ಸಾರ್ವಜನಿಕ ಪ್ರಸಾರ. ರುಮೇನಿಯಾದ ಬ್ಲೂ ಏರ್ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಹೀಗೆಂದೇ ತೀರ್ಪಿತ್ತಿತು.

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್, ಗರ್ಷ್ವಿನ್ 1924ರಲ್ಲಿ ರಚಿಸಿದ ‘ರಾಪ್ಸಡಿ ಇನ್ ಬ್ಲೂ’ವನ್ನು ತನ್ನ ಗುರುತಾಗಿಸಿಕೊಂಡು ವರ್ಷಗಟ್ಟಲೆ ಪರವಾನಗಿ ಶುಲ್ಕ ತೆತ್ತಿತು. ಆ ಕೃತಿ ಅಲ್ಲಿ ಹಕ್ಕುಮುಕ್ತವಾದದ್ದು 2020ರ ಜನವರಿ 1ರಂದು.

2021ರ ಡಿಸೆಂಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಸಚಿವಾಲಯವು, ವಿಮಾನಗಳಲ್ಲಿ ಭಾರತೀಯ ಸಂಗೀತ ಕೇಳಿಸುವಂತೆ ಸಂಸ್ಥೆಗಳಿಗೆ ಪತ್ರ ಬರೆಯಿತು. ಆಶಯ ಸ್ತುತ್ಯರ್ಹ. ಆದರೆ ಕಡತಗಳ ನಡುವೆ ವೃತ್ತಿಜೀವನ ಕಳೆದ ನನಗೆ ಮೊದಲು ಹೊಳೆಯುವ ಪ್ರಶ್ನೆ: ಹಣ ಯಾರು ಕೊಡಬೇಕು, ಯಾರಿಗೆ ಸಲ್ಲಬೇಕು?

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಗೀತ ರಚನೆಯ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ; ಧ್ವನಿಮುದ್ರಿಕೆಯದು ಪ್ರಕಟಣೆಯ ನಂತರ 60 ವರ್ಷ. ತ್ಯಾಗರಾಜರ ಕೀರ್ತನೆಗೆ ಶುಲ್ಕವಿಲ್ಲ. ಅದನ್ನು ಇಂದು ನುಡಿಸಿದ ವೈಣಿಕರ ಧ್ವನಿಮುದ್ರಿಕೆಗೆ ಉಂಟು. ಚಿತ್ರಗೀತೆಯಾದರೆ, 2012ರ ತಿದ್ದುಪಡಿಯ ಬಲದಿಂದ ಸಾಹಿತಿಗೂ ಸಂಯೋಜಕನಿಗೂ ರಾಯಧನದ ಪಾಲುಂಟು.

ವೆಚ್ಚ ತಗ್ಗಿಸಬಯಸುವ ಸಂಸ್ಥೆಗಳಿಗೆ ನೇರ ದಾರಿಯೊಂದಿದೆ. ಹಕ್ಕುಮುಕ್ತವಾದ ಕೃತಿಗಳನ್ನು ಆರಿಸಿ, ನಮ್ಮ ಕಲಾವಿದರಿಂದ ಹೊಸದಾಗಿ ನುಡಿಸಿ, ನ್ಯಾಯವಾದ ಸಂಭಾವನೆ ನೀಡಿ, ಬಳಕೆಯ ಹಕ್ಕನ್ನು ಒಪ್ಪಂದದಲ್ಲಿಯೇ ಪಡೆಯಲಿ. ಸಂಸ್ಥೆಗೆ ಖರ್ಚು ಒಮ್ಮೆ ಮಾತ್ರ. ಕಲಾವಿದರಿಗೆ ಕೆಲಸ ದಕ್ಕುತ್ತದೆ. ಇಂಧನವನ್ನು ಹಣ ಕೊಟ್ಟು ಕೊಳ್ಳುವವರು ಸಂಗೀತವನ್ನು ಪುಕ್ಕಟೆ ಬಯಸುವುದು ಅರ್ಥಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.