ಹೊಸ ಕಿಟ್ ಹಾಕಿದ ಮೇಲೂ ಕಪ್ಪು ಹೊಗೆ

ಮೇ ತಿಂಗಳ ಕೊನೆಯಲ್ಲಿ ಗಂಗೊಳ್ಳಿಯ ಅಳಿವೆ ದಡಕ್ಕೆ ಹೋದರೆ ನೀರು ತುಂಬಿದ ಡ್ರಮ್ಮುಗಳು ಕಾಣುತ್ತವೆ. ಡ್ರಮ್ಮಿನ ಅಂಚಿಗೆ ಔಟ್‌ಬೋರ್ಡ್ ಇಂಜಿನ್ ಕಚ್ಚಿಕೊಂಡು, ಬಾಲವನ್ನು ನೀರಿಗೆ ಅದ್ದಿ ಗುಡುಗುಡು ಎನ್ನುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಹತ್ತು ಅಶ್ವಶಕ್ತಿಯೊಳಗಿನ ಇಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ದುಡಿಮೆಯ ಕಾಲ ಅದೇ. ಹಾಗಾಗಿ ಮಳೆ ಬರುವ ಮೊದಲು ಇಂಜಿನ್ ಬಿಚ್ಚಿ ತೊಳೆದು ಕಟ್ಟುವ ಗಡಿಬಿಡಿ.

ಅಂಥದೊಂದು ಇಂಜಿನ್ ಎದುರು ನಾನು ಒಂದು ಮಧ್ಯಾಹ್ನ ಕಳೆದೆ. ಎರಡು ಸಿಲಿಂಡರಿನ ಟೂ ಸ್ಟ್ರೋಕ್. ಪಿಸ್ಟನ್ ರಿಂಗ್ ಹೊಸತು, ಕಾರ್ಬೊರೇಟರಿಗೆ ಹೊಸ ಕಿಟ್. ಹಗ್ಗ ಎಳೆದರೆ ಒಂದೇ ಏಟಿಗೆ ಸ್ಟಾರ್ಟ್. ಆದರೆ ಸ್ಲೋದಲ್ಲಿ ಬಿಟ್ಟರೆ ಗಂಟಲು ಕಟ್ಟಿದವರ ಹಾಗೆ ಕೆಮ್ಮಿ, ಕಪ್ಪು ಹೊಗೆ ಕಾರಿ, ಎರಡು ನಿಮಿಷಕ್ಕೆ ನಿಂತುಬಿಡುತ್ತಿತ್ತು. ಪ್ಲಗ್ ಬಿಚ್ಚಿದರೆ ಒದ್ದೆ, ಮೇಲೆ ಕಾಡಿಗೆ ಹಚ್ಚಿದಂಥ ಮಸಿ.

“ಎಂತ ಮಾರಾಯ್ರೆ, ಇಷ್ಟ್ ದುಡ್ಡ್ ಹಾಕಿದ್ ಮೇಲೂ ಹೀಂಗಾ?” ಎಂದರು ದೋಣಿಯ ಯಜಮಾನರು.

“ರಿಚ್ ಆಯ್ತ್ ಕಾಣಿ,” ಎಂದ ಮೆಕ್ಯಾನಿಕ್.

ರಿಚ್ ಎಂದರೆ ಗಾಳಿಯ ಲೆಕ್ಕಕ್ಕಿಂತ ಇಂಧನ ಹೆಚ್ಚು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಇಂಜಿನ್ ಕುಡಿಯುವುದು ಎಣ್ಣೆಯನ್ನು ಎಂದು ನಾವು ಅಂದುಕೊಂಡಿದ್ದೇವೆ, ನಿಜವಾಗಿ ಅದು ಹೊಟ್ಟೆ ತುಂಬಾ ಕುಡಿಯುವುದು ಗಾಳಿಯನ್ನೇ. ಎಣ್ಣೆ ಊಟದ ಜೊತೆಗಿನ ಉಪ್ಪಿನಕಾಯಿ ಮಾತ್ರ.

ಆ ಉಪ್ಪಿನಕಾಯಿ ಬಡಿಸುವ ಕೆಲಸ ಕಾರ್ಬೊರೇಟರಿನದು. ಅದರ ಗಂಟಲು ಮಧ್ಯದಲ್ಲಿ ಕಿರಿದಾಗಿರುತ್ತದೆ. ಕಿರಿದಾದ ಜಾಗದಲ್ಲಿ ಗಾಳಿ ಓಟ ಹೆಚ್ಚಿಸುತ್ತದೆ, ಓಟ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಇಟಲಿಯ ವೆಂಚುರಿ 1797ರಲ್ಲಿ ಬರೆದಿಟ್ಟ ಸಂಗತಿ ಇದು. ಆ ಇಳಿದ ಒತ್ತಡಕ್ಕೆ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಎಂಬ ಸಣ್ಣ ತೂತಿನ ಮೂಲಕ ಮೇಲೇರಿ, ಗಾಳಿಗೆ ಸಿಕ್ಕಿ ತುಂತುರಾಗುತ್ತದೆ. 1909ರಲ್ಲಿ ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ ತನ್ನ ಔಟ್‌ಬೋರ್ಡ್ ಇಂಜಿನ್ ಮಾಡಿದಾಗಲೂ ತತ್ವ ಇದೇ, ಗಂಗೊಳ್ಳಿಯ ಡ್ರಮ್ಮಿನಲ್ಲೂ ಇದೇ.

ಮೆಕ್ಯಾನಿಕ್ ಮೊದಲು ಸ್ಕ್ರೂ ಡ್ರೈವರ್ ಹಿಡಿಯಲಿಲ್ಲ, ಡ್ರಮ್ಮನ್ನೇ ಅನುಮಾನಿಸಿದ. ಡ್ರಮ್ಮಿನಿಂದ ಮೇಲೆದ್ದ ಹೊಗೆ ತಿರುಗಿ ಕಾರ್ಬೊರೇಟರಿನ ಬಾಯಿಗೇ ಹೋದರೆ ಆಮ್ಲಜನಕ ಕಡಿಮೆಯಾಗಿ ಸರಿಯಿದ್ದ ಇಂಜಿನ್ನೂ ಕೆಮ್ಮುತ್ತದೆ. ಹೊಳೆಗೆ ಒಯ್ದು ದೋಣಿಗೆ ಕಟ್ಟಿ ನೋಡಿದ್ದಾಯಿತು. ಕೆಮ್ಮು ಹೋಗಲಿಲ್ಲ.

ಎರಡನೆಯ ಅನುಮಾನ ಹೊಗೆಯ ಬಣ್ಣದ ಮೇಲೆ. ಹೊಸ ರಿಂಗ್ ಹಾಕಿದ ಇಂಜಿನ್ನಿಗೆ ಮೊದಮೊದಲು ಟೂ ಟಿ ಆಯಿಲ್ ಜಾಸ್ತಿ ಬೆರೆಸುತ್ತಾರೆ, 50 ಪಾಲು ಪೆಟ್ರೋಲಿಗೆ ಒಂದರ ಬದಲು 25ಕ್ಕೆ ಒಂದು. ಆಗ ಬರುವುದು ನೀಲಿ ಬಿಳುಪಿನ ಹೊಗೆ, ಪ್ಲಗ್ಗಿನ ಮೇಲೆ ಜಿಡ್ಡು. ಅದನ್ನು ರಿಚ್ ಎಂದು ತಿಳಿದು ಜೆಟ್ ಬದಲಿಸುವವರಿದ್ದಾರೆ. ವಿಚಿತ್ರವೆಂದರೆ ಆಯಿಲ್ ಹೆಚ್ಚಾದಷ್ಟೂ ಅದೇ ತೂತಿನಲ್ಲಿ ಹೋಗುವ ಪೆಟ್ರೋಲಿನ ಪಾಲು ಕಡಿಮೆ, ಅಂದರೆ ಮಿಶ್ರಣ ಲೀನ್ ಕಡೆಗೇ ವಾಲುತ್ತದೆ. ನಮ್ಮ ಇಂಜಿನ್ನಿನದು ಅಪ್ಪಟ ಕಪ್ಪು, ಹಾಗಾಗಿ ಅದೂ ಅಲ್ಲ.

ಕರಾವಳಿಯಲ್ಲಿ ಇನ್ನೊಂದು ಗೊಂದಲ ಸೀಮೆಎಣ್ಣೆಯದು. ಇಲ್ಲಿನ ಬಹಳಷ್ಟು ಇಂಜಿನ್ನುಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುತ್ತವೆ. ದಡ ಹತ್ತಿರವಾದಾಗ ಮತ್ತೆ ಪೆಟ್ರೋಲಿಗೆ ತಿರುಗಿಸಿ ನಿಲ್ಲಿಸಬೇಕು. ಮರೆತರೆ ಬಟ್ಟಲಿನಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ತಣ್ಣಗಿನ ಇಂಜಿನ್ನಿನಲ್ಲಿ ಆವಿಯಾಗದೆ ಪ್ಲಗ್ ತೋಯಿಸುತ್ತದೆ. ಅದು ರಿಚ್ ಅಲ್ಲ, ಮರೆವು. ಕಿಡಿ ದುರ್ಬಲವಾಗಿದ್ದರೂ ಪ್ಲಗ್ ಹೀಗೆಯೇ ಒದ್ದೆಯಾಗಿ ಕಪ್ಪಾಗುತ್ತದೆ. ಹಾಗಾಗಿ ಕಾರ್ಬೊರೇಟರಿಗೆ ಕೈ ಹಾಕುವ ಮುಂಚೆ ಕಿಡಿ ನೋಡುವುದು ಬುದ್ಧಿವಂತರ ಕೆಲಸ.

ಇಷ್ಟಾದ ಮೇಲೆ ಉಳಿದದ್ದು ಕಾರ್ಬೊರೇಟರ್. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಚೆಂಡು ತೇಲಿ ನಲ್ಲಿ ಮುಚ್ಚುತ್ತದಲ್ಲ, ಅದರ ಬೆರಳುದ್ದದ ರೂಪವೇ ಕಾರ್ಬೊರೇಟರಿನ ಫ್ಲೋಟ್. ಬಟ್ಟಲು ತುಂಬಿದಂತೆ ಫ್ಲೋಟ್ ಏರಿ, ಮೇಲಿನ ನೀಡಲ್ಲನ್ನು ಅದರ ಸೀಟಿಗೆ ಒತ್ತಿ ಪೆಟ್ರೋಲ್ ತಡೆಯಬೇಕು. ಕಿಟ್ ಹಾಕುವಾಗ ಫ್ಲೋಟಿನ ನಾಲಿಗೆ ಚೂರು ಬಗ್ಗಿದರೂ ಬಟ್ಟಲಿನ ಮಟ್ಟ ಒಂದೆರಡು ಮಿಲಿಮೀಟರ್ ಏರುತ್ತದೆ. ಆಗ ಸ್ಲೋದ ಸಣ್ಣ ಎಳೆತಕ್ಕೂ ಪೆಟ್ರೋಲ್ ಧಾರಾಳವಾಗಿ ಉಕ್ಕುತ್ತದೆ. ಸೀಟಿನ ಕೆಳಗಿನ ತೆಳು ವಾಷರ್ ಹಾಕಲು ಮರೆತರೆ ನೀಡಲ್ ಎಷ್ಟು ಗಟ್ಟಿ ಮುಚ್ಚಿದರೂ ಪಕ್ಕದಿಂದ ಸೋರುತ್ತದೆ. ಹಿತ್ತಾಳೆಯ ಫ್ಲೋಟ್ ಬಿರುಕುಬಿಟ್ಟು ಒಳಗೆ ಪೆಟ್ರೋಲ್ ಸೇರಿದ್ದರೆ ತೇಲುವುದೇ ಇಲ್ಲ. ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂತೆಂದರೆ ಬಿರುಕು ಖಂಡಿತ.

ಈ ಸೋರಿಕೆಗಳಿಗೆಲ್ಲ ಒಂದೇ ಪರೀಕ್ಷೆ. ಇಂಜಿನ್ ನಿಲ್ಲಿಸಿ, ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಒತ್ತುತ್ತಾ ಹೋಗಿ. ಬಲ್ಬ್ ಗಟ್ಟಿಯಾಗಿ ಹಾಗೆಯೇ ನಿಲ್ಲಬೇಕು. ಮೆತ್ತಗಾಗಿ, ಕಾರ್ಬೊರೇಟರಿನ ಬಾಯಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ನೀಡಲ್ಲೋ ಫ್ಲೋಟೋ ತಪ್ಪಿದೆ. ನಮ್ಮ ಬಲ್ಬ್ ಕಲ್ಲಿನ ಹಾಗೆ ನಿಂತಿತು.

ಎರಡೂ ಪ್ಲಗ್ ಕಪ್ಪಾಗಿದ್ದದ್ದು ಇನ್ನೊಂದು ಸುಳಿವು. ಟೂ ಸ್ಟ್ರೋಕ್ ಇಂಜಿನ್ನಿನ ಪೆಟ್ರೋಲ್ ಪಂಪ್ ನಡೆಯುವುದು ಒಂದು ಸಿಲಿಂಡರಿನ ಕೆಳಗಿನ ಕ್ರ್ಯಾಂಕ್‌ಕೇಸ್ ಒತ್ತಡದ ಏರಿಳಿತದಿಂದ. ಆ ಪಂಪಿನ ಡಯಾಫ್ರಾಮ್ ಹರಿದರೆ ಪೆಟ್ರೋಲ್ ನೇರ ಆ ಕ್ರ್ಯಾಂಕ್‌ಕೇಸಿಗೇ ನುಗ್ಗಿ, ಅದೊಂದೇ ಪ್ಲಗ್ ತೋಯುತ್ತದೆ. ಇಲ್ಲಿ ಎರಡೂ ತೊಯ್ದಿದ್ದವು. ಚೋಕ್ ನೋಡಿದೆವು, ಪೂರ್ತಿ ತೆರೆಯುತ್ತಿತ್ತು. ಹೊಸ ತಂತಿ ಕಟ್ಟಿದವರು ಚೋಕನ್ನು ಅರ್ಧ ಮುಚ್ಚಿದಂತೆಯೇ ಬಿಟ್ಟಿರುವುದು ತೀರಾ ಸಾಮಾನ್ಯ ಕಾರಣ, ಅದನ್ನು ಕೊನೆಗೆ ನೋಡುವುದೂ ಅಷ್ಟೇ ಸಾಮಾನ್ಯ.

ಇನ್ನು ಜೆಟ್. ಪಂಪ್ ಸ್ಟವ್‌ನ ಪಿನ್ನು ಹಾಕಿ ಅಭ್ಯಾಸವಾದ ಕೈಗಳು ಜೆಟ್ಟಿಗೂ ತಂತಿ ತೂರಿಸುತ್ತವೆ. ಒಂದು ಮಿಲಿಮೀಟರಿನ ತೂತು 1.05 ಆದರೆ ಕಣ್ಣಿಗೆ ಏನೂ ಕಾಣದು. ಆದರೆ ತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇಕಡ 10ರಷ್ಟು ದೊಡ್ಡದಾಗಿರುತ್ತದೆ. ಹಿತ್ತಾಳೆ ಮೃದು, ತಂತಿ ಗಟ್ಟಿ. ಜೆಟ್ಟಿಗೆ ತೊಳೆಯುವ ದ್ರವ ಮತ್ತು ಗಾಳಿಯ ಊದು ಸಾಕು, ತಂತಿ ಬೇಡ. ನಮ್ಮ ಜೆಟ್ಟಿನ ಮೇಲಿನ ನಂಬರ್ ಹಳೆಯದೇ, ತೂತಿನ ಅಂಚೂ ಚೂಪಾಗಿತ್ತು.

ಕೊನೆಗೆ ಸಿಕ್ಕಿದ್ದು ಯಾರೂ ನೋಡದ ಕಡೆ. ಗ್ಯಾಸ್ ಒಲೆಯ ಬರ್ನರ್ ಕೆಳಗೆ ಗಾಳಿ ಹೋಗುವ ಕಿಂಡಿಗೆ ಕಸ ಕಟ್ಟಿದರೆ ನೀಲಿ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿಯಾಗುತ್ತದಲ್ಲ, ಅನಿಲ ಹೆಚ್ಚಾಗಿ ಅಲ್ಲ, ಗಾಳಿ ಕಡಿಮೆಯಾಗಿ. ಕಾರ್ಬೊರೇಟರಿನಲ್ಲೂ ಅಂಥ ಗಾಳಿಯ ದಾರಿಗಳಿವೆ. ಪೆಟ್ರೋಲ್ ಗಂಟಲಿಗೆ ಬರುವ ಮೊದಲೇ ಅದಕ್ಕೆ ಒಂದಿಷ್ಟು ಗಾಳಿ ಬೆರೆಸಿ ನೊರೆ ಮಾಡುವ ಸೂಜಿಮೊನೆಯಷ್ಟು ಕಿಂಡಿಗಳು. ಅವು ಕಟ್ಟಿದರೆ ನೊರೆಯ ಬದಲು ಬರಿಯ ದ್ರವ ಬರುತ್ತದೆ. ಕಿಟ್ಟಿನಲ್ಲಿದ್ದ ಹೊಸ ಪ್ಯಾಕಿಂಗ್ ತಿರುಗುಮುರುಗಾಗಿ ಕೂತು ಅಂಥದೇ ಒಂದು ಕಿಂಡಿಯನ್ನು ಮುಚ್ಚಿತ್ತು. ತಿರುಗಿಸಿ ಕೂರಿಸಿದ ಮೇಲೆ ಇಂಜಿನ್ ಸ್ಲೋದಲ್ಲೂ ಸಲೀಸಾಗಿ ನಡೆಯಿತು.

ಪೆಟ್ರೋಲ್ ಹೆಚ್ಚಾಗುವ ದಾರಿಗಳನ್ನು ಹುಡುಕುವುದರಲ್ಲೇ ನಮ್ಮ ಗಮನ ಕಳೆದುಹೋಗಿತ್ತು. ಕಾರ್ಬೊರೇಟರಿನೊಳಗೇ ಗಾಳಿ ಕಡಿಮೆಯಾಗಿರಬಹುದೆಂಬ ಸರಳ ಮಾತು ಮೂರು ಗಂಟೆ ನಮಗೆ ಹೊಳೆಯಲೇ ಇಲ್ಲ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಕಾರಣ ಹುಡುಕದೆ ಸಣ್ಣ ಜೆಟ್ ಹಾಕಿ ಕಪ್ಪು ಹೊಗೆ ಅಡಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಆಯಿಲ್ ತಲುಪುವುದೇ ಪೆಟ್ರೋಲಿನ ಜೊತೆ, ಪಿಸ್ಟನ್ ತಣ್ಣಗಾಗುವುದರಲ್ಲೂ ಅದರ ಪಾಲಿದೆ. ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಚುರುಕಾಗಿಯೇ ಓಡುತ್ತದೆ, ಒಂದು ದಿನ ಫುಲ್ ರೇಸಿನಲ್ಲಿ ಪಿಸ್ಟನ್ ಸೀಜ್ ಆಗುತ್ತದೆ. ರಿಚ್ ಆದ ಇಂಜಿನ್ ಕೆಮ್ಮುತ್ತಲಾದರೂ ದಡ ಮುಟ್ಟಿಸಬಹುದು, ಲೀನ್ ಆದದ್ದು ಕಡಲಿನ ಮಧ್ಯದಲ್ಲೇ ಕೈಕೊಡುತ್ತದೆ. ಸ್ಲೋ ಮಿಶ್ರಣದ ಸ್ಕ್ರೂ ತಿರುಗಿಸುವವರೂ ಎಚ್ಚರದಿಂದಿರಬೇಕು. ಕೆಲವು ಕಾರ್ಬೊರೇಟರುಗಳಲ್ಲಿ ಆ ಸ್ಕ್ರೂ ಗಾಳಿಯನ್ನು ಅಳೆಯುತ್ತದೆ, ಕೆಲವದರಲ್ಲಿ ಪೆಟ್ರೋಲನ್ನು. ಒಂದರಲ್ಲಿ ಹೊರಗೆ ಬಿಚ್ಚಿದರೆ ಲೀನ್, ಇನ್ನೊಂದರಲ್ಲಿ ರಿಚ್. ನಿಮ್ಮದು ಯಾವುದೆಂದು ತಿಳಿಯುವವರೆಗೆ ಅದನ್ನು ಮುಟ್ಟದಿರುವುದೇ ಲೇಸು.

ಕಿಟ್ ಹಾಕಿಸುವವರಲ್ಲಿ ಒಂದೇ ವಿನಂತಿ. ಹಳೆಯ ಜೆಟ್, ನೀಡಲ್, ಪ್ಯಾಕಿಂಗುಗಳನ್ನು ಅಲ್ಲೇ ಎಸೆಯಲು ಬಿಡಬೇಡಿ. ಒಂದು ಡಬ್ಬಿಗೆ ಹಾಕಿಸಿಕೊಂಡು ಬನ್ನಿ. ಇಂಜಿನ್ ನಾಲ್ಕು ಸಲ ಕಡಲಿಗೆ ಹೋಗಿ ಸರಿಯಾಗಿ ವಾಪಸು ಬರುವವರೆಗೆ ಆ ಡಬ್ಬಿ ಮನೆಯಲ್ಲಿರಲಿ.